ಕ್ರಿಸ್‌ಮಸ್ ಊಟಕ್ಕೆ ಅಡುಗೆಯವರೂ ಕೂರಲಿ: ಕಾರವಾರದ ಮನೆಗಳಿಗೊಂದು ತಯಾರಿ

ಡಿಸೆಂಬರ್ 25ರ ಮಧ್ಯಾಹ್ನ ಮನೆಮಂದಿಯೆಲ್ಲ ಊಟಕ್ಕೆ ಕೂತಿರುತ್ತಾರೆ. ಅಡುಗೆ ಮಾಡಿದವರು ಮಾತ್ರ ಇನ್ನೂ ಕಾವಲಿ ಮುಂದೆ. "ನೀವು ಶುರು ಮಾಡಿ, ನಾನು ಬಂದೆ" ಅನ್ನುತ್ತಾರೆ. ಬರುವುದು ಎಲ್ಲರ ಊಟ ಮುಗಿದ ಮೇಲೆ. ಹಿಂದಿನ ರಾತ್ರಿ ಬಲಿಪೂಜೆ ಮುಗಿಸಿ ಮಲಗಿದ್ದೇ ತಡವಾಗಿ, ಬೆಳಗ್ಗೆ ಎದ್ದಾಗಿನಿಂದ ನಿಂತೇ ಇದ್ದಾರೆ. ಹಬ್ಬ ಅವರಿಗೂ ಇದೆ ಅಲ್ವಾ?

ಇದಕ್ಕೆ ಅಡುಗೆ ಕಡಿಮೆ ಮಾಡಬೇಕಾಗಿಲ್ಲ. ಯಾವುದನ್ನು ಯಾವ ದಿನ ಮಾಡಬೇಕು ಅನ್ನುವುದು ಸರಿಯಾದರೆ ಸಾಕು. ಕಾರವಾರ, ಅಂಕೋಲಾ, ಹೊನ್ನಾವರ ಕಡೆಯ ಕ್ರೈಸ್ತರ ಅಡುಗೆ ಗೋವಾದ ಅಡುಗೆಗೆ ತೀರಾ ಹತ್ತಿರದ್ದು. ಅನೇಕ ಕುಟುಂಬಗಳ ಹಿರಿಯರು ಶತಮಾನಗಳ ಹಿಂದೆ ಅಲ್ಲಿಂದಲೇ ಬಂದವರು. ಫ್ರಿಜ್ ಇಲ್ಲದ ಕಾಲದಲ್ಲಿ ರೂಢಿಯಾದ ಅಡುಗೆ ಇದು. ವಿನೆಗರ್ ಹಾಕುವುದು, ಬೆಲ್ಲದಲ್ಲಿ ಕಾಯಿಸುವುದು, ಎಣ್ಣೆಯಲ್ಲಿ ಕರಿಯುವುದು, ಎಲ್ಲವೂ ಮಾಡಿದ್ದು ಕೆಲವು ದಿನ ಉಳಿಯಲು ಅನುಕೂಲ. ಹಾಗಾಗಿ ಹಬ್ಬದ ಊಟದ ಮುಕ್ಕಾಲು ಪಾಲನ್ನು ಮೊದಲೇ ಮಾಡಿಡಬಹುದು. ಹಂದಿ ಮಾಂಸಕ್ಕೆ ವಿನೆಗರ್, ಮಸಾಲೆ ಹಾಕಿ ಮಾಡುವ ಸೋರ್ಪೊತೆಲ್ ಅಂತೂ ಮೊದಲೇ ಮಾಡಿಟ್ಟರೇ ರುಚಿ. 25ಕ್ಕೆ ಉಳಿಯಬೇಕಾದ ದೊಡ್ಡ ಕೆಲಸ ಮೂರೇ: ಕೋಳಿ ಕುದಿಸುವುದು, ಇಡ್ಲಿಯಂಥ ಸನ್ನ ಬೇಯಿಸುವುದು, ಮೀನು ಹುರಿಯುವುದು.

ಕೆಳಗಿನ ಲೆಕ್ಕವೆಲ್ಲ ಹತ್ತು ಜನರಿಗೆ. ನಿಮ್ಮ ಮನೆಗೆ ಹೊಂದಿಸಿಕೊಳ್ಳಿ.

ಮೊದಲು ಪಟ್ಟಿ

ಊಟಕ್ಕೆ ಯಾರು ಯಾರು ಬರುತ್ತಾರೆ ಅಂತ ಡಿಸೆಂಬರ್ ಮೊದಲ ವಾರದಲ್ಲೇ ಕೇಳಿಬಿಡಿ. ಮುಂಬೈಯಿಂದ, ಗಲ್ಫ್‌ನಿಂದ ಬರುವವರ ಟಿಕೆಟ್ ಆ ಹೊತ್ತಿಗೆ ಆಗಿರುತ್ತದೆ. ಹಂದಿ ಮಾಂಸ ತಿನ್ನದವರು, ಮೊಟ್ಟೆ ತಿನ್ನದವರು, ಸಕ್ಕರೆ ಕಾಯಿಲೆ ಇರುವವರು ಎಷ್ಟು ಜನ ಅಂತಲೂ ಬರೆದುಕೊಳ್ಳಿ.

ಆಮೇಲೆ ಅಡುಗೆ ಯಾವುದು ಅಂತ ತೀರ್ಮಾನಿಸಿ. ಒಂದು ಹಂದಿ, ಒಂದು ಕೋಳಿ, ಒಂದು ಮೀನು. ಇಷ್ಟು ಸಾಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಸೋರ್ಪೊತೆಲ್ ಇರುವಾಗ ಹಂದಿಯದ್ದೇ ಇನ್ನೊಂದು ಅಡುಗೆ ವಿಂದಾಲೂ ಬೇಡ. ಎರಡೂ ವಿನೆಗರ್, ಎರಡೂ ಬೆಳ್ಳುಳ್ಳಿ, ಎರಡೂ ಕೆಂಪು. ತಟ್ಟೆಯಲ್ಲಿ ಒಂದನ್ನೊಂದು ಮುಚ್ಚಿಬಿಡುತ್ತವೆ. ಅದೇ ತೆಂಗಿನಕಾಯಿ ಹುರಿದು ಹಾಕಿದ ಕೋಳಿ ಶಾಗುತಿ ಪಕ್ಕದಲ್ಲಿದ್ದರೆ ಎರಡರ ರುಚಿಯೂ ಬೇರೆ ಬೇರೆ ಗೊತ್ತಾಗುತ್ತದೆ.

ನನ್ನ ಪಟ್ಟಿ ಹೀಗಿದೆ. ಸೋರ್ಪೊತೆಲ್‌ಗೆ ಹಂದಿ ಮಾಂಸ 2 ಕಿಲೋ, ಲಿವರ್ ಕಾಲು ಕಿಲೋ. ಶಾಗುತಿಗೆ ಕೋಳಿ 2 ಕಿಲೋ. ಹುರಿಯಲು ಇಶ್ವಾಣ (ಅಂಜಲ್) ಮೀನಿನ 12 ಹೋಳು. ಸನ್ನ 40. ಸನ್ನ ಸಾಲದವರಿಗೆ ಮುಕ್ಕಾಲು ಕಿಲೋ ಅಕ್ಕಿಯ ಬಿಳಿ ಅನ್ನ, ಬೇಕರಿಯ ಪಾವ್ ಎರಡು ಡಜನ್. ಕೊಬ್ಬಿನ ಊಟದ ನಂತರ ಕುಡಿಯಲು ಮುರುಗಲು (ಕೋಕಂ), ತೆಂಗಿನ ಹಾಲಿನ ಸೋಲ್ ಕಡಿ. ಕೊನೆಗೆ ರವೆ, ತೆಂಗಿನಕಾಯಿಯ ಬಾತ್ ಕೇಕ್. ಹಬ್ಬದ ತಿಂಡಿಗಳು, ಅಂದರೆ ಕುಸ್ವಾರ್, ಹೇಗೂ ಡಬ್ಬದಲ್ಲಿ ಇದ್ದೇ ಇರುತ್ತದೆ.

ಡಿಸೆಂಬರ್ ಮೊದಲ ವಾರ: ದಿನಸಿ

ಡಿಸೆಂಬರ್ 3ಕ್ಕೆ ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬ. ಅವರ ಹೆಸರಿನ ಚರ್ಚಿರುವ ಚಂದಾವರಕ್ಕೆ ಹೋಗಿ ಬರುವವರು ಬಹಳ. ಅದು ಮುಗಿದ ಮರುದಿನದಿಂದ ಕ್ರಿಸ್‌ಮಸ್ ಕೆಲಸ ಶುರು ಅಂತ ಇಟ್ಟುಕೊಂಡರೆ ನೆನಪಿಡಲು ಸುಲಭ.

ಬ್ಯಾಡಗಿ ಮೆಣಸು ಅರ್ಧ ಕಿಲೋ ತಂದು ತೊಟ್ಟು ಬಿಡಿಸಿ ಎರಡು ಬಿಸಿಲಿಗೆ ಹಾಕಿ. ಡಿಸೆಂಬರ್ ಬಿಸಿಲು ಇದಕ್ಕೆ ಹೇಳಿ ಮಾಡಿಸಿದ್ದು. ಬಣ್ಣಕ್ಕೆ ಬ್ಯಾಡಗಿ ಸಾಕು, ಖಾರ ಬೇಕೆನ್ನುವವರು ಗುಂಟೂರು ನಾಲ್ಕೈದು ಸೇರಿಸಿ. ಕಾಳುಮೆಣಸು, ಏಲಕ್ಕಿಗೆ ಶಿರಸಿಯಲ್ಲಿ ನೆಂಟರಿದ್ದರೆ ಹೇಳಿ ಕಳಿಸಿ. ತೋಟಗಾರರ ಸಹಕಾರಿ ಸಂಘ ಟಿ.ಎಸ್.ಎಸ್.ನ ಸೂಪರ್ ಮಾರ್ಕೆಟ್‌ನಲ್ಲಿ ಅಲ್ಲಿನ ತೋಟದ ಮಾಲು ಸಿಗುತ್ತದೆ. ಹೊಸ ಕಾಳುಮೆಣಸಿನ ಘಾಟು ಪ್ಯಾಕೆಟ್ ಪುಡಿಗೆ ಎಲ್ಲಿಂದ ಬರಬೇಕು?

ವಿನೆಗರ್ ವಿಷಯದಲ್ಲಿ ಜಿಪುಣತನ ಬೇಡ. ಅಂಗಡಿಯ ಬಿಳಿ ಸಿಂಥೆಟಿಕ್ ವಿನೆಗರ್ ನಾಲಿಗೆಗೆ ಚುರುಕ್ ಅನ್ನುತ್ತದೆ, ಅಷ್ಟೇ. ತೆಂಗಿನ ಕಳ್ಳಿನಿಂದ ಮಾಡಿದ ಗೋವಾ ವಿನೆಗರ್‌ಗೆ ಹುಳಿಯ ಹಿಂದೆ ಒಂದು ಸಣ್ಣ ಸಿಹಿ ಇದೆ. ಕಾಣಕೋಣ, ಮಡಗಾಂವ್ ಕಡೆ ಹೋಗುವವರಿದ್ದರೆ ಒಂದೆರಡು ಬಾಟಲಿ ತರಿಸಿ. ತರುವವರಿಗೆ ಬಾಟಲಿಯ ಮೇಲೆ ಲೇಬಲ್ ಇರುವುದನ್ನೇ ತರಲು ಹೇಳಿ. ಗಡಿ ದಾಟುವಾಗ ಮಾಜಾಳಿಯಲ್ಲಿ ಅಬಕಾರಿಯವರ ತಪಾಸಣೆ ಇರುತ್ತದೆ. ಗೋವಾದ ಮದ್ಯ ತರುವ ಆಸೆ ಮಾತ್ರ ಬೇಡ, ಹಬ್ಬದ ಹೊತ್ತಿಗೆ ಕೇಸು ಯಾಕೆ?

ಪ್ಲಮ್ ಕೇಕ್ ಮನೆಯಲ್ಲೇ ಮಾಡುವವರು ಈ ವಾರವೇ ಒಣಹಣ್ಣು ನೆನೆಹಾಕಬೇಕು. ದ್ರಾಕ್ಷಿ, ಕಪ್ಪು ದ್ರಾಕ್ಷಿ, ಖರ್ಜೂರ, ಟೂಟಿಫ್ರೂಟಿ, ಕಿತ್ತಳೆ ಸಿಪ್ಪೆ ಸೇರಿ ಅರ್ಧ ಕಿಲೋ. ರಮ್‌ನಲ್ಲಿ ನೆನೆಸಿದರೆ ಹೊರಗೇ ಇಡಬಹುದು. ಕಿತ್ತಳೆ ರಸದಲ್ಲಾದರೆ ಇಷ್ಟು ಮುಂಚೆ ಬೇಡ. ಕೇಕ್ ಮಾಡುವ ಹಿಂದಿನ ದಿನ ರಸದಲ್ಲಿ ಒಂದು ಕುದಿ ಬರಿಸಿ, ಆರಿಸಿ, ಫ್ರಿಜ್‌ನಲ್ಲಿಟ್ಟರೆ ಸಾಕು. ಪ್ಲಮ್ ಕೇಕ್ ಬೇಕರಿಯಲ್ಲೂ ಚೆನ್ನಾಗಿಯೇ ಸಿಗುತ್ತದೆ. ಸಮಯ ಇಲ್ಲದಿದ್ದರೆ ಸುಮ್ನೆ ಕೊಂಡುಬಿಡಿ.

ಕುಸ್ವಾರ್: 14ರಿಂದ 20ರವರೆಗೆ

ಕುಸ್ವಾರ್ ಅಂದರೆ ಹಬ್ಬದ ತಿಂಡಿಗಳ ತಟ್ಟೆ. ನೆವ್ರಿ, ಕಿಡಿಯೊ, ರೋಸ್ ಕುಕ್ಕಿ, ದೋದೋಲ್, ಶಂಕರಪಾಳಿ, ಚಕ್ಕುಲಿ. ಇದು ಒಬ್ಬರು ಮಾಡುವ ಕೆಲಸವೇ ಅಲ್ಲ. ಅಕ್ಕಪಕ್ಕದ ಮನೆಯವರು, ಅತ್ತಿಗೆ, ನಾದಿನಿ, ಮಕ್ಕಳು ಎಲ್ಲ ಸೇರಿ ಒಂದು ದಿನ ಒಂದು ತಿಂಡಿ ಅಂತ ಮಾಡಿದರೆ ಮಾತ್ರ ಮುಗಿಯುತ್ತದೆ, ಖುಷಿಯೂ ಇರುತ್ತದೆ.

ಮಾಡುವ ಕ್ರಮ ಮುಖ್ಯ. ಹೆಚ್ಚು ದಿನ ಉಳಿಯುವುದನ್ನು ಮೊದಲು ಮಾಡಿ. ಮೊದಲ ದಿನ ಕಿಡಿಯೊ ಮತ್ತು ಶಂಕರಪಾಳಿ. ಕಿಡಿಯೊಗೆ ಅರ್ಧ ಕಿಲೋ ಮೈದಾ, ಎರಡು ಚಮಚ ಬಿಸಿ ತುಪ್ಪ, ಚಿಟಿಕೆ ಉಪ್ಪು, ಸ್ವಲ್ಪ ಸಕ್ಕರೆ, ಕಲಸಲು ದಪ್ಪ ತೆಂಗಿನ ಹಾಲು. ಹಿಟ್ಟು ಚಪಾತಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಇರಲಿ. ಅರ್ಧ ಗಂಟೆ ಬಿಟ್ಟು, ಸಣ್ಣ ಉಂಡೆಯನ್ನು ಫೋರ್ಕ್ ಬೆನ್ನಿಗೆ ಅಥವಾ ಹೊಸ ಬಾಚಣಿಗೆಗೆ ಒತ್ತಿ ಸುರುಳಿ ಸುತ್ತಿ. ಈ ಕೆಲಸ ಮಕ್ಕಳಿಗೆ ಕೊಡಿ. ಆಕಾರ ಹೆಚ್ಚುಕಡಿಮೆ ಆದರೂ ಬಾಯಿಗೆ ಗೊತ್ತಾಗುವುದಿಲ್ಲ. ಉರಿ ಸಣ್ಣದಿರಲಿ. ದೊಡ್ಡ ಉರಿಯಲ್ಲಿ ಕರಿದರೆ ಮೇಲೆ ಕೆಂಪಾಗಿ ಒಳಗೆ ಹಸಿ ಉಳಿಯುತ್ತದೆ, ಎರಡೇ ದಿನಕ್ಕೆ ಮೆತ್ತಗಾಗುತ್ತದೆ.

ಎರಡನೇ ದಿನ ನೆವ್ರಿ, ಅಂದರೆ ಕರಿಗಡುಬು. ಹಸಿ ತೆಂಗಿನಕಾಯಿ ಹೂರಣದ ನೆವ್ರಿಗೆ ರುಚಿ ಜಾಸ್ತಿ, ಆದರೆ ಬೇಗ ಹಳಸುತ್ತದೆ. ಹಂಚುವುದಕ್ಕೆ ಮತ್ತು ಡಬ್ಬಕ್ಕೆ ಒಣಕೊಬ್ಬರಿ, ಹುರಿದ ಎಳ್ಳು, ಹುರಿದ ಚಿರೋಟಿ ರವೆ, ಸಕ್ಕರೆ ಪುಡಿ, ಗೋಡಂಬಿ, ಏಲಕ್ಕಿಯ ಹೂರಣವೇ ಸರಿ. ಹಸಿ ಹೂರಣದ್ದು ಬೇಕೇ ಬೇಕು ಅಂದರೆ 23ಕ್ಕೆ ಹತ್ತು ಹದಿನೈದು ಮಾಡಿ. ಅಂಚು ಸರಿಯಾಗಿ ಕೂರದಿದ್ದರೆ ಎಣ್ಣೆಯಲ್ಲಿ ಬಿಚ್ಚಿ ಇಡೀ ಬಾಣಲೆ ಕೆಡುತ್ತದೆ. ಬೆರಳಿಗೆ ಹಾಲು ಹಚ್ಚಿಕೊಂಡು ಅಂಚು ಒತ್ತಿ, ಆಮೇಲೆ ಮಡಚಿ.

ರೋಸ್ ಕುಕ್ಕಿಗೆ ಅಚ್ಚು ಚೆನ್ನಾಗಿ ಕಾಯಬೇಕು. ಕಾದ ಎಣ್ಣೆಯಲ್ಲೇ ಅಚ್ಚನ್ನು ಐದು ನಿಮಿಷ ಮುಳುಗಿಸಿಡಿ. ಹಿಟ್ಟಿನಲ್ಲಿ ಅಚ್ಚಿನ ಮುಕ್ಕಾಲು ಭಾಗ ಮಾತ್ರ ಅದ್ದಿ. ಮೇಲಿನ ಅಂಚೂ ಮುಳುಗಿದರೆ ಹೂವು ಬಿಡುವುದೇ ಇಲ್ಲ. ಮೊದಲ ಎರಡು ಮೂರು ಕೆಡುವುದು ಸಹಜ.

ದೋದೋಲ್‌ಗೆ ತೋಳಿನ ಶಕ್ತಿ ಬೇಕು. ಕಾಲು ಕಿಲೋ ಅಕ್ಕಿ ಹಿಟ್ಟು, ಮುಕ್ಕಾಲು ಕಿಲೋ ಕಪ್ಪು ತಾಳೆಬೆಲ್ಲ, ಮೂರು ದೊಡ್ಡ ತೆಂಗಿನಕಾಯಿ ಹಾಲು, ಚಿಟಿಕೆ ಉಪ್ಪು, ಗೋಡಂಬಿ ಚೂರು. ಬೆಲ್ಲವನ್ನು ಎರಡನೇ ಹಾಲಿನಲ್ಲಿ ಕರಗಿಸಿ ಸೋಸಿ, ಅದಕ್ಕೆ ಹಿಟ್ಟು ಗಂಟಿಲ್ಲದ ಹಾಗೆ ಕಲಸಿ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿ. ಗಟ್ಟಿಯಾಗುತ್ತಾ ಬಂದಾಗ ಮೊದಲ ಹಾಲು ಸುರಿಯಿರಿ. ಒಂದೂವರೆಯಿಂದ ಎರಡು ಗಂಟೆ ಕೈಬಿಡದೆ ತಿರುವಬೇಕು. ಇಬ್ಬರು ಸರದಿ ಹಾಕಿಕೊಳ್ಳಿ. ತೆಂಗಿನೆಣ್ಣೆ ಬದಿಯಲ್ಲಿ ಬಿಟ್ಟು, ಮುದ್ದೆ ಪಾತ್ರೆಗೆ ಅಂಟದೆ ಒಟ್ಟಿಗೆ ತಿರುಗಿದರೆ ಆಯಿತು. ಬಸಿಯುವ ಆ ಎಣ್ಣೆಯನ್ನು ತೆಗೆದುಬಿಡಿ, ದೋದೋಲ್ ಹಗುರಾಗುತ್ತದೆ. ಇದನ್ನು 20ರ ಹೊತ್ತಿಗೆ ಮಾಡಿ ಫ್ರಿಜ್‌ನಲ್ಲಿಟ್ಟು, ತಿನ್ನುವ ಮೊದಲು ಹೊರಗೆ ತೆಗೆದಿಡಿ.

ಪದರ ಪದರದ ಸಿಹಿ ಬೆಬಿಂಕಾ? ಒಂದೊಂದೇ ಪದರ ಸುರಿದು, ಮೇಲಿನಿಂದ ಬೆಂಕಿ ಕೊಟ್ಟು ಬೇಯಿಸಬೇಕು. ಮೊಟ್ಟೆಯ ಹಳದಿ ಡಜನ್‌ಗಟ್ಟಲೆ, ಸಮಯ ಅರ್ಧ ದಿನ. ಮನೆಯಲ್ಲಿ ಅದರಲ್ಲಿ ಕೈ ಪಳಗಿದವರಿದ್ದರೆ ಮಾತ್ರ ಹಾಕಿಕೊಳ್ಳಿ. ಇಲ್ಲದಿದ್ದರೆ ಗೋವಾದಿಂದ ತರಿಸಿದ್ದೇ ಒಳ್ಳೆಯದು.

ಹಂಚುವ ತಟ್ಟೆಗಳ ಬಗ್ಗೆ ಒಂದು ಮಾತು. ಚೌತಿಗೆ ನಮ್ಮ ಮನೆಗೆ ಮೋದಕ, ಚಕ್ಕುಲಿ ಕಳಿಸುವ ಮನೆಗಳಿಗೆ ಕುಸ್ವಾರ್ ಹೋಗುತ್ತದೆ. ಆ ಮನೆಗಳಲ್ಲಿ ಮೊಟ್ಟೆ ತಿನ್ನದವರು ಇರುತ್ತಾರೆ. ಅವರಿಗೆ ಕಳಿಸುವ ಕಿಡಿಯೊ, ನೆವ್ರಿ, ಶಂಕರಪಾಳಿಯನ್ನು ಮೊಟ್ಟೆ ಹಾಕದೆ, ಹೊಸ ಎಣ್ಣೆಯಲ್ಲಿ ಮೊದಲು ಕರಿಯಿರಿ. ಮೊಟ್ಟೆ ಹಾಕಿದ ರೋಸ್ ಕುಕ್ಕಿ ಆಮೇಲೆ. ಡಬ್ಬವನ್ನೂ ಬೇರೆ ಇಡಿ. ತಟ್ಟೆ ಕೊಡುವಾಗ "ಇದರಲ್ಲಿ ಮೊಟ್ಟೆ ಇಲ್ಲ" ಅಂತ ಬಾಯಿಬಿಟ್ಟು ಹೇಳಿ. ಕೇಳಲು ಅವರಿಗೆ ಸಂಕೋಚ ಇರುತ್ತದೆ. ನಾವೇ ಹೇಳಿದರೆ ಅವರು ನಿಶ್ಚಿಂತೆಯಿಂದ ತಿನ್ನುತ್ತಾರೆ.

22: ಸೋರ್ಪೊತೆಲ್

ಇಡೀ ಊಟದ ಬೆನ್ನೆಲುಬು ಇದು. ಇದನ್ನು 24ಕ್ಕೆ ಉಳಿಸಬೇಡಿ. 22ಕ್ಕೆ ಮಾಡಿದರೆ 25ರ ಹೊತ್ತಿಗೆ ವಿನೆಗರ್‌ನ ಚೂಪು ಕಳೆದು, ಮಸಾಲೆ ಒಳಗಿಳಿದು, ರುಚಿ ಒಂದಾಗಿರುತ್ತದೆ.

ಮಾಂಸಕ್ಕೆ ಪರಿಚಯದ ಅಂಗಡಿಯಲ್ಲಿ ವಾರ ಮುಂಚೆ ಹೇಳಿಡಿ. ಕೊಬ್ಬು ಇರುವ ಭಾಗವೇ ಬೇಕು ಅಂತ ಹೇಳಿ. ಬರೀ ಕೆಂಪು ಮಾಂಸದ ಸೋರ್ಪೊತೆಲ್ ಒಣಗಿದ ಹಾಗಾಗುತ್ತದೆ. ಲಿವರ್ ಜೊತೆ ಹೃದಯ, ನಾಲಿಗೆ ಸಿಕ್ಕಿದರೆ ಹಾಕಿ. ಹಿಂದೆ ರಕ್ತವನ್ನೂ ಹಾಕುತ್ತಿದ್ದರು. ಈಗ ಅದನ್ನು ಬಿಟ್ಟ ಮನೆಗಳು ಬಹಳ, ಬಿಟ್ಟರೂ ರುಚಿಗೆ ಕೊರತೆ ಇಲ್ಲ.

ಮಸಾಲೆಯನ್ನು 21ರ ಸಂಜೆಯೇ ರುಬ್ಬಿಡಿ. ಬ್ಯಾಡಗಿ ಮೆಣಸು 40, ಕಾಳುಮೆಣಸು 2 ಚಮಚ, ಜೀರಿಗೆ 2 ಚಮಚ, ಲವಂಗ 12, ದಾಲ್ಚಿನ್ನಿ ಬೆರಳುದ್ದದ್ದು ಎರಡು, ಅರಿಸಿನ 1 ಚಮಚ, ಬೆಳ್ಳುಳ್ಳಿ ದೊಡ್ಡ ಗಡ್ಡೆ ಎರಡು, ಶುಂಠಿ ಎರಡು ಇಂಚು. ಮೆಣಸನ್ನು ಒಂದು ಕಪ್ ವಿನೆಗರ್‌ನಲ್ಲಿ ಎರಡು ಗಂಟೆ ನೆನೆಸಿ ಅದರಲ್ಲೇ ನುಣ್ಣಗೆ ರುಬ್ಬಿ. ನೀರು ಒಂದು ಹನಿಯೂ ಬೇಡ. ಇಲ್ಲೊಂದು ಉಪಾಯ ಇದೆ. ಮೀನಿಗೆ ಹಚ್ಚುವ ರೇಶಾದ್ ಮಸಾಲೆಯೂ ಹೆಚ್ಚುಕಡಿಮೆ ಇದೇ. ರುಬ್ಬಿದ್ದರಲ್ಲಿ ಕಾಲು ಭಾಗ ತೆಗೆದು, ಅದಕ್ಕೆ ಸ್ವಲ್ಪ ಹುಣಸೆ ತಿರುಳು, ಅರ್ಧ ಚಮಚ ಸಕ್ಕರೆ, ಉಪ್ಪು ಸೇರಿಸಿ ಗಾಜಿನ ಬಾಟಲಿಯಲ್ಲಿ ಫ್ರಿಜ್‌ಗೆ ಹಾಕಿ. ಒಂದೇ ರುಬ್ಬಿನಲ್ಲಿ ಎರಡು ಅಡುಗೆಯ ಮಸಾಲೆ ಆಯಿತು.

22ರ ಬೆಳಗ್ಗೆ ಮಾಂಸವನ್ನು ದೊಡ್ಡ ದೊಡ್ಡ ತುಂಡಾಗಿಯೇ ಉಪ್ಪು, ಅರಿಸಿನ, ಮುಳುಗುವಷ್ಟು ನೀರು ಹಾಕಿ ಬೇಯಲು ಇಡಿ. ಕುದಿ ಬಂದ ಮೇಲೆ 25 ನಿಮಿಷ. ಮುಕ್ಕಾಲು ಬೆಂದರೆ ಸಾಕು. ಲಿವರ್ ಬೇರೆ ಪಾತ್ರೆಯಲ್ಲಿ ಹತ್ತು ನಿಮಿಷ. ಮಾಂಸ ಬೆಂದ ನೀರನ್ನು ಚೆಲ್ಲಬೇಡಿ. ಮಾಂಸ ಆರಿದ ಮೇಲೆ ಒಂದು ಗಂಟೆ ಫ್ರಿಜ್‌ನಲ್ಲಿಡಿ. ಕೊಬ್ಬು ಗಟ್ಟಿಯಾಗಿ ಚಾಕುವಿಗೆ ಸರಿಯಾಗಿ ಸಿಗುತ್ತದೆ. ಬಿಸಿ ಇರುವಾಗ ಕೊಯ್ದರೆ ಜಾರಿ ಜಾರಿ ಹೋಗುತ್ತದೆ.

ಈಗ ಕೊಯ್ಯುವ ಕೆಲಸ. ಅರ್ಧ ಇಂಚಿನ ತುಂಡು, ಅದಕ್ಕಿಂತ ದೊಡ್ಡದು ಬೇಡ. ಎರಡು ಕಿಲೋ ಕೊಯ್ಯಲು ಒಂದು ಗಂಟೆ ಬೇಕು. ಇದನ್ನು ಮನೆಯ ಗಂಡಸರು ಮಾಡಲಿ. ಎರಡು ಚಾಕು, ಎರಡು ಮಣೆ ಇದ್ದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ.

ದಪ್ಪ ಬಾಣಲೆಯಲ್ಲಿ ಮೊದಲು ಕೊಬ್ಬಿನ ತುಂಡು ಹಾಕಿ. ಅದು ಬಿಟ್ಟ ಎಣ್ಣೆಯಲ್ಲೇ ಉಳಿದ ಮಾಂಸವನ್ನು ನಾಲ್ಕು ಸಲ ಮಾಡಿ ಹುರಿಯಿರಿ. ಎಲ್ಲ ಒಟ್ಟಿಗೆ ಸುರಿದರೆ ನೀರು ಬಿಟ್ಟು ಬೇಯುತ್ತದೆ, ಹುರಿಯುವುದಿಲ್ಲ. ಅಂಚು ಕೆಂಪಾಗಬೇಕು. ಈ ಹಂತ ಬಿಟ್ಟರೆ ಸೋರ್ಪೊತೆಲ್ ಬರೀ ಹಂದಿ ಸಾರು. ಕೊನೆಗೆ ಲಿವರ್ ಹುರಿದು ತೆಗೆಯಿರಿ. ಅದೇ ಎಣ್ಣೆಯಲ್ಲಿ ಸಣ್ಣಗೆ ಹೆಚ್ಚಿದ ನಾಲ್ಕು ಈರುಳ್ಳಿ ಬಾಡಿಸಿ, ಮಸಾಲೆ ಹಾಕಿ, ಎಣ್ಣೆ ಮೇಲೆ ಬರುವವರೆಗೆ ಸಣ್ಣ ಉರಿಯಲ್ಲಿ ಹುರಿಯಿರಿ. ಮಾಂಸವನ್ನೆಲ್ಲ ಸೇರಿಸಿ, ತೆಗೆದಿಟ್ಟ ನೀರು ಬೇಕಷ್ಟು ಹಾಕಿ, ಮುಚ್ಚಿ 40 ನಿಮಿಷ ಕುದಿಸಿ. ಕೊನೆಯಲ್ಲಿ ರುಚಿ ನೋಡಿ ಕಾಲು ಕಪ್ ವಿನೆಗರ್, ಚಿಟಿಕೆ ಸಕ್ಕರೆ. ಆ ದಿನ ಹುಳಿ ಸ್ವಲ್ಪ ಮುಂದೆ ಇದ್ದ ಹಾಗೆ ಅನಿಸಬೇಕು. ಮೂರು ದಿನದಲ್ಲಿ ಅದು ಕೂರುತ್ತದೆ.

ಪಾತ್ರೆ ಸ್ಟೀಲಿನದ್ದು ಅಥವಾ ಮಣ್ಣಿನದ್ದು ಇರಲಿ. ಅಲ್ಯೂಮಿನಿಯಂ, ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಬೇಡವೇ ಬೇಡ. ವಿನೆಗರ್ ಲೋಹವನ್ನು ತಿನ್ನುತ್ತದೆ. ಅಜ್ಜಿಯರು ದಿನಾ ಒಂದು ಕುದಿ ಬರಿಸಿ ಮಡಕೆಯಲ್ಲೇ ಇಡುತ್ತಿದ್ದರು. ಈಗ ಫ್ರಿಜ್ ಇದೆ. ಆರಿದ ಕೂಡಲೇ, ಎರಡು ಗಂಟೆ ಮೀರದ ಹಾಗೆ, ಎರಡು ಮೂರು ಸಣ್ಣ ಡಬ್ಬಗಳಲ್ಲಿ ಹಾಕಿ ಒಳಗಿಡಿ. ಬಡಿಸುವ ದಿನ ಬೇಕಾದ ಡಬ್ಬ ಮಾತ್ರ ತೆಗೆದು ಚೆನ್ನಾಗಿ ಕುದಿಸಿ.

23: ಶಾಗುತಿ ಮಸಾಲೆ, ಬಾತ್ ಕೇಕ್

ಶಾಗುತಿಯಲ್ಲಿ ಸಮಯ ತಿನ್ನುವುದು ಮಸಾಲೆಯೇ. ಕೊತ್ತಂಬರಿ ಮೂರು ದೊಡ್ಡ ಚಮಚ, ಬ್ಯಾಡಗಿ 12, ಕಾಳುಮೆಣಸು, ಜೀರಿಗೆ, ಸೋಂಪು ಒಂದೊಂದು ಚಮಚ, ಗಸಗಸೆ ಒಂದು ದೊಡ್ಡ ಚಮಚ, ಲವಂಗ ಆರು, ದಾಲ್ಚಿನ್ನಿ, ಚಕ್ರಮೊಗ್ಗು ಒಂದು, ಜಾಯಿಕಾಯಿ ತುರಿದದ್ದು ಸ್ವಲ್ಪ. ಒಂದೊಂದನ್ನೂ ಬೇರೆ ಬೇರೆ ಹುರಿಯಿರಿ. ಒಂದೂವರೆ ತೆಂಗಿನಕಾಯಿ ತುರಿಯನ್ನು ಕಂದು ಬಣ್ಣ ಬರುವವರೆಗೆ ಸಣ್ಣ ಉರಿಯಲ್ಲಿ ಹುರಿಯಬೇಕು. ಎರಡು ಈರುಳ್ಳಿಯನ್ನೂ ಹುರಿದು ಎಲ್ಲ ಸೇರಿಸಿ ನುಣ್ಣಗೆ ರುಬ್ಬಿ ಫ್ರಿಜ್‌ನಲ್ಲಿಡಿ.

ಸಸ್ಯಾಹಾರಿ ಅತಿಥಿಗಳಿದ್ದರೆ ಇದೇ ಮಸಾಲೆಯಲ್ಲಿ ಮೂರನೇ ಒಂದು ಭಾಗ ತೆಗೆದು ಬೇರೆ ಡಬ್ಬದಲ್ಲಿಡಿ. ಅಣಬೆ, ಬಟಾಟೆ, ಹಸಿ ಬಟಾಣಿ ಹಾಕಿ ಶಾಗುತಿ ಮಾಡಿದರೆ ಕೋಳಿಯದ್ದಕ್ಕೆ ಏನೂ ಕಡಿಮೆ ಇಲ್ಲ. ಅವರಿಗೆ ಅನ್ನ, ಸಾರು ಹಾಕಿ ಮುಗಿಸುವುದು ಸರಿಯಲ್ಲ. ಹಬ್ಬದ ಅಡುಗೆ ಅವರ ಎಲೆಗೂ ಬರಬೇಕು. ಪಾತ್ರೆ, ಸೌಟು ಬೇರೆ ಇರಲಿ.

ಬಾತ್ ಕೇಕ್ ಹಿಟ್ಟನ್ನು ಇದೇ ರಾತ್ರಿ ಕಲಸಿಡಬೇಕು. ಬೆಣ್ಣೆ 150 ಗ್ರಾಂ, ಸಕ್ಕರೆ 250 ಗ್ರಾಂ ಚೆನ್ನಾಗಿ ತಿರುವಿ, ಮೂರು ಮೊಟ್ಟೆ ಒಂದೊಂದಾಗಿ ಸೇರಿಸಿ. ಚಿರೋಟಿ ರವೆ 300 ಗ್ರಾಂ, ನುಣ್ಣಗೆ ರುಬ್ಬಿದ ಒಂದು ತೆಂಗಿನಕಾಯಿ, ಅರ್ಧ ಕಪ್ ಹಾಲು, ಏಲಕ್ಕಿ. ರಾತ್ರಿಯಿಡೀ ಫ್ರಿಜ್‌ನಲ್ಲಿದ್ದರೆ ರವೆ ಉಬ್ಬಿ ಕೇಕ್ ಮೆತ್ತಗಾಗುತ್ತದೆ. 24ರ ಬೆಳಗ್ಗೆ ಒಂದು ಚಮಚ ಬೇಕಿಂಗ್ ಪೌಡರ್ ಕಲಸಿ, 180 ಡಿಗ್ರಿಯಲ್ಲಿ 40ರಿಂದ 45 ನಿಮಿಷ. ಓವನ್ ಇಲ್ಲದವರು ಕುಕ್ಕರ್‌ನಲ್ಲಿ ಮಾಡಿ. ತಳಕ್ಕೆ ಉಪ್ಪು ಅಥವಾ ಮರಳು ಹಾಕಿ, ಮೇಲೆ ಸ್ಟ್ಯಾಂಡ್ ಇಟ್ಟು, ಗ್ಯಾಸ್ಕೆಟ್ ಮತ್ತು ಸೀಟಿ ತೆಗೆದು, ಸಣ್ಣ ಉರಿಯಲ್ಲಿ ಒಂದು ಗಂಟೆ.

24: ಮೀನು ಪೇಟೆ

ನಮ್ಮ ಕರಾವಳಿಯಲ್ಲಿ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ರಜೆ. ಡಿಸೆಂಬರ್ ಹೊತ್ತಿಗೆ ಮೀನುಗಾರಿಕೆ ಭರದಲ್ಲಿರುತ್ತದೆ. ಹಾಗಂತ 24ರ ಬೆಳಗ್ಗೆ ಹತ್ತು ಗಂಟೆಗೆ ಪೇಟೆಗೆ ಹೋದರೆ ಒಳ್ಳೆಯ ಇಶ್ವಾಣ ಸಿಗುತ್ತದೆ ಅಂತ ನಂಬಬೇಡಿ. ಎಲ್ಲರಿಗೂ ಅದೇ ಬೇಕು. ಮಾಮೂಲಿ ಮೀನು ಕೊಡುವ ಅಕ್ಕನಿಗೆ ಎರಡು ದಿನ ಮುಂಚೆ ಹೇಳಿಡಿ, ಬೆಳಗ್ಗೆ ಬೇಗ ಹೋಗಿ.

ಕಿವಿರು ಕೆಂಪಾಗಿ ಹಸಿಯಾಗಿರಬೇಕು. ಕಣ್ಣು ಉಬ್ಬಿ ಹೊಳೆಯುತ್ತಿರಬೇಕು. ಬೆರಳಲ್ಲಿ ಒತ್ತಿದರೆ ಗುಳಿ ಉಳಿಯಬಾರದು. ಇಶ್ವಾಣದ ದರ ಕೈಗೆ ಎಟುಕದಿದ್ದರೆ ದೊಡ್ಡ ಬಂಗಡೆ ತನ್ನಿ. ಬೆನ್ನು ಸೀಳಿ ರೇಶಾದ್ ತುಂಬಿದ ಬಂಗಡೆಯ ಮುಂದೆ ಇಶ್ವಾಣ ಸಪ್ಪೆ ಅನ್ನುವವರು ನಮ್ಮಲ್ಲಿ ಬಹಳ ಜನ. ನಾನೂ ಅವರ ಪೈಕಿ. ಶೆಟ್ಲಿ (ಸೀಗಡಿ) ಪ್ರೀತಿ ಇರುವವರು ಅರ್ಧ ಕಿಲೋ ತಂದು, ಸಿಪ್ಪೆ ತೆಗೆದು, ಬೆನ್ನಿನ ಕಪ್ಪು ನರ ಎಳೆದು, ಅದೇ ರೇಶಾದ್‌ನಲ್ಲಿ ಹುರಿಯಬಹುದು.

ಮೀನು ತೊಳೆದು, ಉಪ್ಪು, ಅರಿಸಿನ ಸವರಿ ಡಬ್ಬದಲ್ಲಿ ಫ್ರಿಜ್‌ನ ತೀರಾ ತಣ್ಣಗಿರುವ ಜಾಗದಲ್ಲಿಡಿ. ರೇಶಾದ್ ಈಗಲೇ ಹಚ್ಚಬೇಡಿ. ರಾತ್ರಿಯಿಡೀ ವಿನೆಗರ್‌ನಲ್ಲಿದ್ದರೆ ಮೀನು ಸಡಿಲಾಗಿ ಹುರಿಯುವಾಗ ಒಡೆಯುತ್ತದೆ. ಶಿರಸಿ, ಯಲ್ಲಾಪುರದವರು ಐಸ್ ತುಂಬಿದ ಪೆಟ್ಟಿಗೆ ಇಲ್ಲದೆ ಘಟ್ಟದ ಮೇಲೆ ಮೀನು ಒಯ್ಯುವುದು ಬೇಡ. ಅದರ ಬದಲು ಒಂದು ಕೋಳಿ ಕಟ್ಲೆಟ್ ಹಾಕಿಕೊಂಡರೆ ಊಟಕ್ಕೆ ಏನೂ ಕುಂದಿಲ್ಲ.

ಮಧ್ಯಾಹ್ನ ಸನ್ನಕ್ಕೆ ಅಕ್ಕಿ ನೆನೆಹಾಕಿ. ಕುಚಲಕ್ಕಿ ಮತ್ತು ದೋಸೆ ಅಕ್ಕಿ ಎರಡೆರಡು ಕಪ್, ಉದ್ದಿನಬೇಳೆ ಅರ್ಧ ಕಪ್. ಆರು ಗಂಟೆ ಬಿಟ್ಟು ಎರಡು ಕಪ್ ತೆಂಗಿನ ತುರಿ ಸೇರಿಸಿ, ಎಳನೀರು ಹಾಕಿ ನುಣ್ಣಗೆ ರುಬ್ಬಿ. ಇಡ್ಲಿ ಹಿಟ್ಟಿನ ಹದ. ಕಳ್ಳು ಸಿಗುವ ಕಾಲದಲ್ಲಿ ಅದೇ ಉಬ್ಬಿಸುತ್ತಿತ್ತು. ಈಗ ಯೀಸ್ಟ್ ಹಾಕುತ್ತೇವೆ. ಆದರೆ ಯೀಸ್ಟ್ ಈ ರಾತ್ರಿ ಹಾಕಬೇಡಿ. ಹಿಟ್ಟು ಹಾಗೆಯೇ ಫ್ರಿಜ್‌ನಲ್ಲಿರಲಿ.

ಚರ್ಚಿಗೆ ಹೊರಡುವ ಮೊದಲು ಗಂಜಿ, ಉಪ್ಪಿನಕಾಯಿ, ಒಂದು ಪಲ್ಯ. ಅಷ್ಟೇ ಇರಲಿ. ಊಟದ ಮೇಜು ಒರೆಸಿ, ತಟ್ಟೆ, ಲೋಟ, ಬಡಿಸುವ ಪಾತ್ರೆ ಜೋಡಿಸಿಟ್ಟು ಹೋಗಿ. ಬೆಳಗ್ಗೆ ಕಪಾಟು ತಡಕಾಡುವುದು ತಪ್ಪುತ್ತದೆ.

25: ಬೆಳಗಿನ ಲೆಕ್ಕ

ಏಳಕ್ಕೆ ಸನ್ನದ ಹಿಟ್ಟು, ಕೋಳಿ, ಶಾಗುತಿ ಮಸಾಲೆ ಹೊರಗೆ. ಎಂಟಕ್ಕೆ ಉಗುರು ಬೆಚ್ಚಗಿನ ನೀರಲ್ಲಿ ಒಂದೂವರೆ ಚಮಚ ಯೀಸ್ಟ್, ನಾಲ್ಕು ದೊಡ್ಡ ಚಮಚ ಸಕ್ಕರೆ ಕದಡಿ, ನೊರೆ ಬಂದ ಮೇಲೆ ಹಿಟ್ಟಿಗೆ ಸೇರಿಸಿ. ಹಿಟ್ಟು ದುಪ್ಪಟ್ಟಾಗಲು ಡಿಸೆಂಬರ್ ತಂಪಿನಲ್ಲಿ ಎರಡು ಗಂಟೆ ಹಿಡಿಯಬಹುದು. ಪಾತ್ರೆ ದೊಡ್ಡದಿರಲಿ, ಉಕ್ಕುತ್ತದೆ.

ಎಂಟೂವರೆಗೆ ಕೋಳಿ. ಈರುಳ್ಳಿ ಬಾಡಿಸಿ, ಕೋಳಿ ಹಾಕಿ ತಿರುವಿ, ಮಸಾಲೆ, ನೀರು, ಉಪ್ಪು. ಮುಚ್ಚಿ 35 ನಿಮಿಷ. ಒಂಬತ್ತೂವರೆಗೆ ಒಲೆ ಖಾಲಿ. ಸೋಲ್ ಕಡಿಗೆ 20 ಮುರುಗಲ ಸಿಪ್ಪೆ ಆಗಲೇ ನೆನೆಹಾಕಿಬಿಡಿ.

ಹತ್ತೂಕಾಲಿಗೆ ಸನ್ನ. ಎಣ್ಣೆ ಸವರಿದ ಬಟ್ಟಲಿಗೆ ಅರ್ಧದಷ್ಟೇ ಹಿಟ್ಟು ಹಾಕಿ. ಹಿಟ್ಟನ್ನು ಕಲಕಬೇಡಿ, ಮೇಲಿನಿಂದ ಸೌಟಲ್ಲಿ ಎತ್ತಿ. ಒಂದು ಸಲಕ್ಕೆ 14 ಬಟ್ಟಲು ಹಿಡಿಯುವ ಪಾತ್ರೆಯಾದರೆ ಮೂರು ಸುತ್ತು, ಒಂದೊಂದಕ್ಕೆ 15ರಿಂದ 20 ನಿಮಿಷ. ಬೆಂದ ಸನ್ನವನ್ನು ತೆಳು ಬಟ್ಟೆ ಹಾಸಿದ ಡಬ್ಬದಲ್ಲಿ ಮುಚ್ಚಿಡಿ, ಊಟದ ತನಕ ಬೆಚ್ಚಗಿರುತ್ತದೆ.

ಹನ್ನೊಂದೂವರೆಗೆ ಸೋರ್ಪೊತೆಲ್ ಸಣ್ಣ ಉರಿಯಲ್ಲಿ ಕುದಿಗೆ. ಒಬ್ಬರು ಅನ್ನಕ್ಕೆ ಇಡಲಿ. ಇನ್ನೊಬ್ಬರು ಎರಡು ತೆಂಗಿನಕಾಯಿ ಹಾಲು ತೆಗೆದು, ಮುರುಗಲ ನೀರು, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸು, ಉಪ್ಪು ಸೇರಿಸಿ ಸೋಲ್ ಕಡಿ ಮಾಡಿ ತಣ್ಣಗಿಡಲಿ. ಅದನ್ನು ಕಾಯಿಸಬಾರದು, ಒಡೆಯುತ್ತದೆ. ಹನ್ನೊಂದೂ ಮುಕ್ಕಾಲಿಗೆ ಮೀನಿಗೆ ರೇಶಾದ್ ಹಚ್ಚಿಡಿ.

ಹನ್ನೆರಡೂ ಇಪ್ಪತ್ತಕ್ಕೆ ಎರಡು ಕಾವಲಿ ಒಟ್ಟಿಗೆ ಒಲೆ ಮೇಲಿರಲಿ. ಚಿರೋಟಿ ರವೆಯಲ್ಲಿ ಹೊರಳಿಸಿದ ಹೋಳು ಒಂದೊಂದು ಕಾವಲಿಗೆ ಮೂರು. ಒಂದು ಬದಿ ನಾಲ್ಕು ನಿಮಿಷ ಮುಟ್ಟಬೇಡಿ. ತಾನಾಗಿ ಬಿಟ್ಟುಕೊಂಡ ಮೇಲೆ ಮಗುಚಿ. ಎರಡು ಸುತ್ತಿನಲ್ಲಿ 12 ಹೋಳೂ ಮುಗಿಯುತ್ತವೆ, ಹೆಚ್ಚೆಂದರೆ 25 ನಿಮಿಷ. ಈ ಕೊನೆಯ ಕೆಲಸವನ್ನು ಬೆಳಗ್ಗಿನಿಂದ ಅಡುಗೆಮನೆಯಲ್ಲಿ ಇಲ್ಲದ ಒಬ್ಬರು ಮಾಡಬೇಕು. ಅದು ಯಾರು ಅಂತ ಹಿಂದಿನ ದಿನವೇ ಹೇಳಿಡಿ. ಬೆಳಗ್ಗಿನಿಂದ ನಿಂತವರು ಆ ಹೊತ್ತಿಗೆ ಮುಖ ತೊಳೆದು, ಹಬ್ಬದ ಬಟ್ಟೆ ಉಟ್ಟು ಬರಲಿ. ಒಂದು ಗಂಟೆಗೆ ಎಲ್ಲರೂ ಒಟ್ಟಿಗೆ ಕೂತು ಪ್ರಾರ್ಥನೆ. ಪಾತ್ರೆಗಳೆಲ್ಲ ಮೇಜಿನ ಮೇಲೆಯೇ ಇರಲಿ, ಬೇಕಾದವರು ಬಡಿಸಿಕೊಳ್ಳಲಿ.

ಉಳಿದದ್ದು

ಶಾಗುತಿಯಲ್ಲಿ ತೆಂಗಿನಕಾಯಿ ಇದೆ, ಹೊರಗೆ ಬಿಟ್ಟರೆ ಸಂಜೆಗೇ ಹಳಸುತ್ತದೆ. ಊಟವಾದ ಕೂಡಲೇ ಫ್ರಿಜ್‌ಗೆ ಹಾಕಿ, ಮರುದಿನವೇ ಮುಗಿಸಿ. ಸೋರ್ಪೊತೆಲ್‌ನ ತೆರೆಯದ ಡಬ್ಬವನ್ನು 26ರ ಬೆಳಗ್ಗೆ ಕುದಿಸಿ, ಬೇಕರಿಯ ಬಿಸಿ ಪಾವ್ ಜೊತೆ ತಿನ್ನಿ. ನನ್ನ ಕೇಳಿದರೆ ಅದು ಹಬ್ಬದ ಊಟಕ್ಕಿಂತ ಒಂದು ಕೈ ಮೇಲೆ. ಉಳಿದ ಸನ್ನವನ್ನು ಉದ್ದಕ್ಕೆ ಸೀಳಿ, ಕಾವಲಿಯಲ್ಲಿ ತುಪ್ಪ ಹಾಕಿ ಎರಡೂ ಬದಿ ಕೆಂಪಗೆ ಮಾಡಿ, ಮೇಲೆ ಶಿರಸಿಯ ಜೋನಿಬೆಲ್ಲ ಸುರಿದು ಮಕ್ಕಳಿಗೆ ಕೊಡಿ.